ಫಿಲ್ಮಿನ ವಯಸ್ಸನ್ನು ಎಂದಿನಿಂದ ಎಣಿಸಬೇಕು?

ಮಾನ್ಯ ಸಂಪಾದಕರೇ,

ಶೈತ್ಯಾಗಾರದಲ್ಲಿ ವರ್ಷಗಟ್ಟಲೆ ಇಟ್ಟಿದ್ದ ದೊಡ್ಡ ಸುರುಳಿಗಳಿಂದ ಕತ್ತರಿಸಿದ ಛಾಯಾಚಿತ್ರದ ಫಿಲ್ಮನ್ನು ‘ಹೊಸದು’ ಎಂದು ಮಾರುವುದು ಸರಿಯೇ ಎಂಬ ಪ್ರಶ್ನೆ, ಇಂದಿಗೂ ರೀಲು ಹಾಕಿ ಚಿತ್ರ ತೆಗೆಯುವ ನಮ್ಮಂಥವರಿಗೆ ಸಣ್ಣದಲ್ಲ.

ಜರ್ಮನಿಯ ಆಗ್ಫಾಫೋಟೊ ಕಂಪನಿ 2005ರಲ್ಲಿ ದಿವಾಳಿಯಾಯಿತು. ಲೆವರ್‌ಕುಸೆನ್‌ನ ಕಾರ್ಖಾನೆ ನಿಂತರೂ ಅಲ್ಲಿ ಲೇಪನಗೊಂಡು ಉಳಿದಿದ್ದ ಎಪಿಎಕ್ಸ್ 100 ಫಿಲ್ಮಿನ ಸುರುಳಿಗಳನ್ನು ಶೀತಲದಲ್ಲಿ ಕಾಪಾಡಿ, ಮುಂದೆ ಹಲವು ವರ್ಷ ಬೇಕಾದಾಗ ಬೇಕಾದಷ್ಟನ್ನು 35 ಎಂ.ಎಂ. ಅಗಲಕ್ಕೆ ಸೀಳಿ, ಅಂಚಿಗೆ ರಂಧ್ರ ಹೊಡೆದು, ಡಬ್ಬಿಗೆ ತುಂಬಿ ಮಾರಲಾಯಿತು. ರೋಲೈ ರೆಟ್ರೊ 100 ಎಂಬ ಹೆಸರಿನಲ್ಲಿ ಬಂದದ್ದೂ ಅದೇ. ಹೆಸರು ಹೊಸದು, ಡಬ್ಬಿಯೂ ಹೊಸದು. ಎಮಲ್ಷನ್, ಅಂದರೆ ಬೆಳಕನ್ನು ಗ್ರಹಿಸುವ ಲೇಪ, ಮಾತ್ರ ಬಾಗಿಲು ಹಾಕಿದ ಕಾರ್ಖಾನೆಯದು. 2012ರಲ್ಲಿ ನಿಲ್ಲಿಸಿದ್ದ ಎಕ್ಟಾಕ್ರೋಮ್ ಎಂಬ ಬಣ್ಣದ ಫಿಲ್ಮನ್ನು ಕೊಡಾಕ್ 2018ರಲ್ಲಿ ಮತ್ತೆ ತಯಾರಿಸಿ ಕೊಟ್ಟಿತಲ್ಲ, ಅದನ್ನು ಹೊಸದೆನ್ನಲು ನನ್ನ ತಕರಾರಿಲ್ಲ.

ಜೆಲಟಿನ್‌ನಲ್ಲಿ ಬೆರೆತ ಬೆಳ್ಳಿಯ ಲವಣವನ್ನು ಪ್ಲಾಸ್ಟಿಕ್ ಹಾಳೆಗೆ ಬಳಿದು ಒಣಗಿಸಿದ ದಿನವೇ ಫಿಲ್ಮು ಹುಟ್ಟಿದ ದಿನ, ಕತ್ತರಿಸಿದ ದಿನವಲ್ಲ. ಮೈನಸ್ 18 ಡಿಗ್ರಿಯ ಚಳಿಯಲ್ಲಿ ಅದರ ರಾಸಾಯನಿಕ ಬದಲಾವಣೆ ಬಹಳ ನಿಧಾನವಾಗುತ್ತದೆ, ನಿಜ. ಆದರೆ ನೆಲದಿಂದಲೂ ಆಕಾಶದಿಂದಲೂ ಸದಾ ಬರುತ್ತಿರುವ ಸಹಜ ವಿಕಿರಣವನ್ನು ಫ್ರೀಜರಿನ ಬಾಗಿಲು ತಡೆಯದು. ಬೆಳಕಿಗೆ ನಿಧಾನವಾಗಿ ಸ್ಪಂದಿಸುವ 100ರಂತಹ ಫಿಲ್ಮು ಇದನ್ನು ಸಾಕಷ್ಟು ತಾಳಿಕೊಳ್ಳುತ್ತದೆ. 400ರಂತಹ ವೇಗದ ಫಿಲ್ಮುಗಳಿಗೆ ಬೇಗ ಮಸುಕು ಹಿಡಿಯುತ್ತದೆ. ಹಳೆ ಅಕ್ಕಿಗಿರುವ ಮರ್ಯಾದೆ ಹಳೆ ಫಿಲ್ಮಿಗಿಲ್ಲ!

ಕಳೆದ ವರ್ಷ ಒಂದು ಅಂಗಡಿಯಲ್ಲಿ ‘ಹೊಸ ಸ್ಟಾಕ್’ ಎಂದು ಕೊಟ್ಟ 400ರ ರೀಲಿನಿಂದ ಎರಡು ಬೆರಳಗಲದ ತುಂಡನ್ನು ಕತ್ತಲಲ್ಲೇ ಕತ್ತರಿಸಿ, ಬೆಳಕು ಸೋಕಿಸದೆ ಡೆವಲಪ್ ಮಾಡಿ ನೋಡಿದೆ. ಅದೇ ಕಂಪನಿಯ, ಅದೇ ಫಿಲ್ಮಿನ ತಾಜಾ ತುಂಡಿನ ಪಕ್ಕದಲ್ಲಿಟ್ಟಾಗ ಅದು ಹೊಗೆ ಹಿಡಿದ ಲಾಟೀನಿನ ಗಾಜಿನಂತಿತ್ತು. ಆದರೂ ಡಬ್ಬಿಯ ಪ್ರಕಾರ ಅದರ ಅವಧಿ ಮುಗಿಯಲು ಇನ್ನೂ ಎರಡು ವರ್ಷವಿತ್ತು.

ಈ ಅವಧಿಯನ್ನು ಲೇಪನದ ದಿನದಿಂದ ಎಣಿಸಿದ್ದಾರೋ, ಕತ್ತರಿಸಿದ ದಿನದಿಂದಲೋ ಎಂದು ಡಬ್ಬಿ ಹೇಳುವುದಿಲ್ಲ. ಆದ್ದರಿಂದ ತಯಾರಕರು ಲೇಪನದ ವರ್ಷವನ್ನೂ ಅಚ್ಚು ಹಾಕಬೇಕು. ಹಳೆಯ ಸುರುಳಿಯದು ಎಂದು ಬರೆದೇ ಮಾರಿದರೂ ನಾನು ಕೊಳ್ಳುತ್ತೇನೆ, ಬೆಳಕನ್ನು ತುಸು ಹೆಚ್ಚು ಕೊಟ್ಟು ಚಿತ್ರ ತೆಗೆಯುತ್ತೇನೆ. ಎಷ್ಟು ಹೆಚ್ಚು ಎಂದು ಅಂದಾಜು ಮಾಡಲು ನನಗೆ ಆ ವರ್ಷ ಗೊತ್ತಿರಬೇಕು.

ಇತಿ,
ಒಬ್ಬ ಹವ್ಯಾಸಿ ಛಾಯಾಗ್ರಾಹಕ, ಮೈಸೂರು