ಅಜ್ಜಿ ಬೆರಳು ಸರಿಯಾಗೇ ಇತ್ತು, ಹಬ್‌ಗೆ ಕರೆಂಟು ಸಾಲ್ತಿರಲಿಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ತೀರ್ಥಹಳ್ಳಿ ಕಡೆಯವನು, ಹದಿನೈದು ವರ್ಷದಿಂದ ಜೆರಾಕ್ಸು, ಆನ್‌ಲೈನ್ ಅರ್ಜಿ ಹಾಕೋ ಸಣ್ಣ ಅಂಗಡಿ ಇಟ್ಕೊಂಡಿದೀನಿ. ನಿಮ್ಮ ಪೇಪರ್‌ನಲ್ಲಿ ವಾರವಾರ ಹೊಸ ಮೊಬೈಲ್ ಬಗ್ಗೆ ಬರುತ್ತೆ, ತಪ್ಪದೇ ಓದ್ತೀನಿ, ಆದ್ರೆ ನಮ್ಮಂಥ ಊರಲ್ಲಿ ದಿನಾ ಕೆಲಸ ನಿಲ್ಲಿಸೋ ಒಂದು ಸಣ್ಣ ಡಬ್ಬದ ಬಗ್ಗೆ ಯಾರೂ ಬರೆದಿದ್ದು ನೋಡಿಲ್ಲ. ಒಂದು ಪೋರ್ಟನ್ನ ನಾಲ್ಕು ಮಾಡೋ ಯುಎಸ್‌ಬಿ ಹಬ್ ಬಗ್ಗೆ ಹೇಳ್ತಿದೀನಿ.

ಹೋದ ತಿಂಗಳು ಒಬ್ಬರು ಅಜ್ಜಿ ಅಂಗಡಿಗೆ ಬಂದ್ರು. ರೇಷನ್ ಕಾರ್ಡ್ ಇ-ಕೆವೈಸಿಗೆ, ಅಂದ್ರೆ ಬೆರಳಚ್ಚು ಕೊಟ್ಟು ಗುರುತು ಖಚಿತ ಮಾಡ್ಸೋಕೆ ಅಂತ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟು ಒಂದು ಸೆಂಟರ್‌ಗೆ ಹೋಗಿದ್ರಂತೆ, ಎರಡು ದಿನ ಹೋದ್ರೂ ಎರಡು ದಿನಾನೂ "ತಗೋತಿಲ್ಲ ಅಜ್ಜಿ, ನಾಳೆ ಬನ್ನಿ" ಅಂತ ಕಳಿಸಿದಾರೆ. ಅವರು ನನ್ನ ಮುಂದೆ ಕೈ ಚಾಚಿ, "ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆ ಸವೆದೋಗಿದೆ ಅಂತ ಕಾಣುತ್ತೆ ಮಗಾ, ಇನ್ನು ನನಗೆ ಅಕ್ಕಿ ಬರಲ್ವೇನೋ" ಅಂದ್ರು. ನನ್ನ ಸ್ಕ್ಯಾನರ್ ಮೇಲೆ ಇಡ್ಸಿದೆ, ಎರಡನೇ ಸಲಕ್ಕೆ ತಗೊಳ್ತು. ಸಂಜೆ ಆ ಸೆಂಟರ್ ಹುಡುಗಂಗೆ ಫೋನ್ ಮಾಡಿ ಕೇಳಿದ್ರೆ "ಅಣ್ಣಾ ಥಂಬ್ ಡಿವೈಸ್ ಅಲ್ಲ, ಹಬ್ಬೇ ಡಿಟೆಕ್ಟ್ ಆಗ್ತಿಲ್ಲ, ಹೊಸದು ಕಳಿಸಿ ಅಂತ ಮೇಲಕ್ಕೆ ಬರೆದಿದೀನಿ" ಅಂದ. ಅಂದ್ರೆ ಅಷ್ಟೊತ್ತೂ ತಪ್ಪು ಬೆರಳಿಂದಲ್ಲ, ಆದ್ರೆ ಅಜ್ಜಿಗೆ ಅದನ್ನ ಹೇಳೋರು ಯಾರೂ ಇರಲಿಲ್ಲ.

ಮಾರನೇ ದಿನ ಹೋಗಿ ನೋಡಿದೆ. ನಾಲ್ಕು ಪೋರ್ಟಿನ ಹಬ್ಬು, ಅದಕ್ಕೆ ಥಂಬ್ ಸ್ಕ್ಯಾನರ್, ವೆಬ್‌ಕ್ಯಾಮ್, ಮೌಸ್, ನಾಲ್ಕನೇದರಲ್ಲಿ ಚಾರ್ಜಿಗಿಟ್ಟ ಮೊಬೈಲು. ಕಂಪ್ಯೂಟರ್ ಟಿಣ್ ಅನ್ನುತ್ತೆ, ಹಬ್ ಕಾಣುತ್ತೆ, ಎರಡು ಸೆಕೆಂಡಿಗೆ ಮತ್ತೆ ಟಿಣ್, ಮಾಯ. ಮೊಬೈಲ್ ಕೇಬಲ್ ಕಿತ್ತೆ, ಎಲ್ಲಾ ಸರಿಹೋಯ್ತು. ಹೊಸ ಹಬ್ ಬೇಕಾಗಿರಲೇ ಇಲ್ಲ.

ಇದರ ಲೆಕ್ಕ ಕಷ್ಟದ್ದೇನಲ್ಲ. ಹಳೇ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿಆಂಪ್ ಕೊಡಬೇಕು ಅಂತ ನಿಯಮ, ನೀಲಿ ಬಣ್ಣದ 3.0 ಪೋರ್ಟ್ ಆದ್ರೆ 900. ಅಡಾಪ್ಟರ್ ಇಲ್ಲದ ಹಬ್ಬು ತಾನೂ ಅದರಲ್ಲೇ ಬದುಕಬೇಕು, ತನ್ನ ಪಾಲಿಗೆ 100 ಇಟ್ಕೊಂಡು ಉಳಿದ ನಾಲ್ಕು ಪೋರ್ಟಿಗೆ ತಲಾ 100 ಹಂಚಬೇಕು, 2.0 ಹಬ್ಬಿನ ಲೆಕ್ಕ ಅಷ್ಟೇ. ಚಾರ್ಜಿಗಿಟ್ಟ ಒಂದು ಮೊಬೈಲೇ 500 ತನಕ ಎಳೆಯುತ್ತೆ. ಆಗ ವೋಲ್ಟೇಜ್ ಕುಸಿದು ಹಬ್ಬಿನೊಳಗಿನ ಚಿಪ್ಪು ರಿಸೆಟ್ ಆಗುತ್ತೆ, ಕಂಪ್ಯೂಟರ್‌ಗೆ ಅದು ಯಾರೋ ಕಿತ್ತು ಮತ್ತೆ ಹಾಕಿದ ಹಾಗೆ ಕಾಣುತ್ತೆ. ಹಬ್ಬಿಗೆ ಇನ್ನೊಂದು ಹಬ್ ಹಾಕೋರೂ ಇದಾರೆ, ಕಂಪ್ಯೂಟರ್ ಒಳಗೆ ಯುಎಸ್‌ಬಿ ನೋಡ್ಕೊಳ್ಳೋ ಒಂದು ಕಂಟ್ರೋಲರ್‌ಗೆ 127 ಡಿವೈಸ್ ಹಾಕ್ಬಹುದು ಅನ್ನೋದನ್ನ ಎಲ್ಲೋ ಓದಿರ್ತಾರೆ, ಅದು ಅಡ್ರೆಸ್ ಎಷ್ಟು ಕೊಡಬಹುದು ಅನ್ನೋ ಲೆಕ್ಕ, ಕರೆಂಟಿನ ಲೆಕ್ಕ ಅಲ್ಲವೇ ಅಲ್ಲ. 100 ಕೊಡೋ ಪೋರ್ಟಿಗೆ 500 ಬೇಕಾದ ಇನ್ನೊಂದು ಹಬ್ ಚುಚ್ಚಿದ್ರೆ ಅದು ಹೇಗೆ ಏಳುತ್ತೆ ಹೇಳಿ.

ಈಗ ಮುಖ್ಯವಾಗಿ ಹೇಳಬೇಕಾಗಿದ್ದು. ಹಬ್ ಹಾಕಿದಾಗ ಕಂಪ್ಯೂಟರ್ ಏನು ಮಾಡುತ್ತೆ ಅನ್ನೋದನ್ನ ಗಮನ ಇಟ್ಟು ನೋಡಿದ್ರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತೆ. ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿ, ಕೆಂಪು ಕಪ್ಪು ಕರೆಂಟಿಗೆ, ಹಸಿರು ಬಿಳಿ ಮಾತಾಡೋಕೆ. ಡಿವೈಸ್ ಜೀವ ಬಂದ ತಕ್ಷಣ ಆ ಮಾತಿನ ತಂತಿಗಳಲ್ಲಿ ಒಂದನ್ನ 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ 3.3 ವೋಲ್ಟಿಗೆ ಎತ್ತುತ್ತೆ, ಯಾರೋ ಬಂದ್ರು ಅಂತ ಕಂಪ್ಯೂಟರ್‌ಗೆ ತಿಳಿಯೋದು ಅದರಿಂದ. ಆಮೇಲೆ ನೀನು ಯಾರು, ಏನು ಕೆಲಸ, ಎಷ್ಟು ಕರೆಂಟು ಬೇಕು ಅಂತ ಕೇಳುತ್ತೆ. ಹಬ್ ಹಾಕಿದಾಗ ಸದ್ದೂ ಇಲ್ಲ ಮೆಸೇಜೂ ಇಲ್ಲ ಅಂದ್ರೆ ಬಾಗಿಲೇ ತಟ್ಟಿಲ್ಲ ಅಂತ ಅರ್ಥ, ಆಗ ಕೇಬಲ್, ಪಿನ್ನು, ಪೋರ್ಟು, ಅಡಾಪ್ಟರ್ ನೋಡಬೇಕು, ಸಾಫ್ಟ್‌ವೇರ್ ಮುಟ್ಟೋದು ವ್ಯರ್ಥ. ಅದೇ "ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್" ಅಂತ ಬಂತು, ಇಲ್ಲಾ ವಿಂಡೋಸಲ್ಲಿ ಡಿವೈಸ್‌ಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಜೊತೆ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್, ಕೋಡ್ 43 ಅಂತ ಬಂತು ಅಂದ್ರೆ ಬಾಗಿಲು ತಟ್ಟಿದೆ ಆದ್ರೆ ಹೆಸರು ಹೇಳೋಕಾಗಿಲ್ಲ, ಕರೆಂಟು ಕಮ್ಮಿ, ಕೇಬಲ್ ಉದ್ದ ಆಗಿದೆ ಅಥವಾ ಕೆಟ್ಟಿದೆ, ಇಲ್ಲಾ ವಿಂಡೋಸ್ ಹಳೇ ನೆನಪಲ್ಲಿ ಸಿಕ್ಕಾಕೊಂಡಿದೆ. ಕೆಲವು ಸಲ ಹಬ್ ಚಿಪ್ಪೇ ಹೋಗಿರುತ್ತೆ, ಆದ್ರೆ ನನ್ನ ಅನುಭವದಲ್ಲಿ ಅದು ಕೊನೇ ಅನುಮಾನ.

ನಾನು ಮೊದಲು ಮಾಡೋದು ಹಬ್ಬಿಂದ ಎಲ್ಲಾ ಕಿತ್ತು ಬರೀ ಹಬ್ಬನ್ನ ಸಿಪಿಯು ಹಿಂದಿನ ಪೋರ್ಟಿಗೆ ಹಾಕೋದು. ಮುಂದಿನ ಪೋರ್ಟು ಒಳಗೆ ಒಂದು ಸಣ್ಣ ವೈರಿನಲ್ಲಿ ಮದರ್‌ಬೋರ್ಡಿಗೆ ಹೋಗುತ್ತೆ, ಆ ವೈರು ಸಡಿಲ ಆಗಿರೋದು ತುಂಬಾ ನೋಡಿದೀನಿ, ಹಿಂದಿನದು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಹಬ್ ಕಂಡ್ರೆ ಒಂದೊಂದೇ ಸೇರಿಸ್ತಾ ಹೋಗಿ, ಯಾವುದು ಹಾಕಿದಾಗ ಮಾಯ ಆಗುತ್ತೋ ಅದೇ ಕರೆಂಟು ತಿನ್ನೋದು. ಕಾಣದಿದ್ರೆ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನೋಡಿ, ಅಲ್ಲಿ ಕಂಡ್ರೆ ಹಬ್ ಎಸೆಯೋ ಮಾತೇ ಇಲ್ಲ. ಕೇಬಲ್ ಬಿಚ್ಚೋಕೆ ಬರೋ ಹಬ್ ಆದ್ರೆ ಕೇಬಲ್ ಬದಲಾಯಿಸಿ, ಆದ್ರೆ ಮನೇಲಿರೋ ಚಾರ್ಜಿಂಗ್ ಕೇಬಲ್ ಹಾಕಬೇಡಿ, ಕೆಲವು ಅಗ್ಗದ ಕೇಬಲ್‌ಗಳಲ್ಲಿ ಹಸಿರು ಬಿಳಿ ತಂತಿನೇ ಇರಲ್ಲ, ಲೈಟ್ ಹತ್ತುತ್ತೆ ಆದ್ರೆ ಕಂಪ್ಯೂಟರ್‌ಗೆ ಏನೂ ತಿಳಿಯಲ್ಲ, ಜನ ಮೋಸ ಹೋಗೋದು ಆ ಲೈಟ್ ನೋಡೇ. ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಹಾಕಿದ್ರೆ ತೆಗೀರಿ, 2.0 ಕೇಬಲ್‌ಗೆ 5 ಮೀಟರ್ ಮಿತಿ.

ಇನ್ನೊಂದು, ಶಟ್‌ಡೌನ್ ಮಾಡಿ ಆನ್ ಮಾಡಿದೆ ಸಾರ್ ಆದ್ರೂ ಬರಲಿಲ್ಲ ಅಂತಾರೆ. ವಿಂಡೋಸ್ 8 ಬಂದಾಗಿಂದ ಫಾಸ್ಟ್ ಸ್ಟಾರ್ಟಪ್ ಅಂತ ಇದೆ, ಶಟ್‌ಡೌನ್ ಕೊಟ್ರೆ ವಿಂಡೋಸಿನ ಒಂದು ಭಾಗ ಹಾಗೇ ಹಾರ್ಡ್‌ಡಿಸ್ಕಿಗೆ ಉಳಿದು ಬೆಳಿಗ್ಗೆ ಅದೇ ಎದ್ದು ಬರುತ್ತೆ, ತಪ್ಪೂ ಜೊತೆಗೇ ಬರುತ್ತೆ. ರೀಸ್ಟಾರ್ಟ್ ಕೊಡಬೇಕು. ಅದಕ್ಕೂ ಬಗ್ಗದಿದ್ರೆ ಆಫ್ ಮಾಡಿ, ಗೋಡೆ ಪ್ಲಗ್ ಕಿತ್ತು, ಪವರ್ ಬಟನ್ ಹದಿನೈದು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಹಾಕಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡಿದ ಮೇಲೆ ಹೀಗೆ ಮಾಡಿಯೇ ಎಷ್ಟೋ ಪೋರ್ಟುಗಳು ಮತ್ತೆ ಎದ್ದಿವೆ.

ಬೆಳಿಗ್ಗೆ ಚೆನ್ನಾಗಿದ್ದು ಟೀ ಕುಡಿದು ಬರೋಷ್ಟರಲ್ಲಿ ಮಾಯ ಆಗುತ್ತೆ ಅಂದ್ರೆ ಅದು ಬೇರೆ. ಕರೆಂಟು ಉಳಿಸೋಕೆ ವಿಂಡೋಸೇ ಹಬ್ಬನ್ನ ಮಲಗಿಸಿರುತ್ತೆ, ಮತ್ತೆ ಎಬ್ಬಿಸೋಕೆ ಆಗಿರಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್, ಜೆನೆರಿಕ್ ಯುಎಸ್‌ಬಿ ಹಬ್ ಅಂತ ಇರೋದರ ಪ್ರಾಪರ್ಟೀಸ್ ತೆಗೆದು ಪವರ್ ಮ್ಯಾನೇಜ್‌ಮೆಂಟ್ ಅನ್ನೋ ಕಡೆ ಇರೋ ಟಿಕ್ ತೆಗೀರಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕೂಡ ಡಿಸೇಬಲ್ ಮಾಡಿ. ಜೆನೆರಿಕ್ ಹಬ್ಬನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ರೆ ವಿಂಡೋಸ್ ತಾನೇ ಹೊಸದಾಗಿ ಹಾಕ್ಕೊಳ್ಳುತ್ತೆ. ರೂಟ್ ಹಬ್ ಮೇಲೆ ಅನ್‌ಇನ್‌ಸ್ಟಾಲ್ ಒತ್ತಬೇಡಿ, ಅದೇ ಕ್ಷಣಕ್ಕೆ ಮೌಸು ಕೀಬೋರ್ಡು ನಿಂತ್ಹೋಗಿ ಗಾಬರಿ ಆಗ್ತೀರಿ. ಹಬ್ಬಿಗೆ ಬೇರೆ ಡ್ರೈವರ್ (ಡಿವೈಸ್ ನಡೆಸೋ ಸಾಫ್ಟ್‌ವೇರ್) ಬೇಕು ಅಂತ ನೆಟ್ಟಲ್ಲಿ ಹುಡುಕಿ ಏನೇನೋ ಡೌನ್‌ಲೋಡ್ ಮಾಡೋದು ದಯವಿಟ್ಟು ಬಿಡಿ, ಮಾಮೂಲಿ ಹಬ್ಬಿಗೆ ಬೇಕಾದ್ದೆಲ್ಲಾ ವಿಂಡೋಸಲ್ಲೇ ಇರುತ್ತೆ. ಇನ್ನೂ ವಿಂಡೋಸ್ 7 ಇರೋ ಹಳೇ ಮಷೀನಲ್ಲಿ ಮಾತ್ರ ನೀಲಿ ಪೋರ್ಟಿಗೆ ಡ್ರೈವರ್ ಬೇರೆ ಹಾಕಬೇಕಾಗುತ್ತೆ, ಇಲ್ಲಾ ಹಬ್ಬನ್ನ ಕಪ್ಪು ಪೋರ್ಟಿಗೆ ಹಾಕಿ. ಥಂಬ್ ಡಿವೈಸ್ ಇರೋರು ಹಬ್ ಸರಿಹೋದ ಮೇಲೆ ಆರ್‌ಡಿ ಸರ್ವೀಸ್ ಅನ್ನೋ, ಆಧಾರ್ ಕೆಲಸಕ್ಕೆ ಬೆರಳಚ್ಚು ತಗೊಳ್ಳೋ ಸಾಫ್ಟ್‌ವೇರನ್ನ ಒಂದು ಸಲ ರೀಸ್ಟಾರ್ಟ್ ಮಾಡಿ, ಅದನ್ನ ಮರೆತು ಡಿವೈಸ್ ಕೆಟ್ಟಿದೆ ಅಂದ್ಕೊಳ್ಳೋರು ಇದಾರೆ.

ಅಡಾಪ್ಟರ್ ಇರೋ ಹಬ್ ತಗೊಂಡೋರಿಗೆ ಒಂದು ಎಚ್ಚರಿಕೆ. ಹಬ್ಬಿನ ಅಡಾಪ್ಟರ್ ಸಾಮಾನ್ಯವಾಗಿ 5 ವೋಲ್ಟು, ವೈಫೈ ರೂಟರಿಂದು 9 ಅಥವಾ 12, ಆದ್ರೆ ಎರಡರ ಪಿನ್ನೂ ಒಂದೇ ಥರ ಇರಬಹುದು, ಕೂತ್ಕೊಂಡೂ ಬಿಡುತ್ತೆ. ಎರಡು ವರ್ಷದ ಹಿಂದೆ ನನ್ನ ಅಂಗಡೀಲೇ ಕೆಲಸದ ಹುಡುಗ ಗಡಿಬಿಡೀಲಿ ರೂಟರ್ ಅಡಾಪ್ಟರ್ ಹಾಕಿ ಹಬ್ಬು ಹೊಗೆ ಆಯ್ತು, ಜೊತೆಗಿದ್ದ ಪೆನ್‌ಡ್ರೈವಲ್ಲಿ ಒಬ್ಬ ಹುಡುಗಿಯ ಪ್ರಾಜೆಕ್ಟ್ ರಿಪೋರ್ಟೂ ಹೋಯ್ತು, ಆ ಮಗು ಅತ್ತಿದ್ದು ನನಗೆ ಇನ್ನೂ ಮರೆತಿಲ್ಲ. ಅವತ್ತಿಂದ ಪ್ರತಿ ಅಡಾಪ್ಟರ್ ಮೇಲೆ ಬಿಳಿ ಟೇಪ್ ಅಂಟಿಸಿ ಯಾವುದರದ್ದು ಅಂತ ಬರೆದಿದೀನಿ.

ಆ ಹೊಗೆ ಆದ ಮೇಲೆ ಕಂಪ್ಯೂಟರ್ ಪೋರ್ಟುಗಳೂ ಕಾಣ್ತಿಲ್ಲ ಅಂತ ಒಂದು ಸರ್ವೀಸ್ ಸೆಂಟರ್‌ಗೆ ತಗೊಂಡೋದೆ. ತೆರೆದೂ ನೋಡದೆ ಮದರ್‌ಬೋರ್ಡ್ ಹೋಗಿದೆ, ಆರು ಸಾವಿರ ಆಗುತ್ತೆ ಅಂದ್ರು. ನನ್ನ ಹತ್ರ ಅಷ್ಟು ಇರಲಿಲ್ಲ, ವಾಪಸ್ ತಂದು ರಾತ್ರಿ ಪ್ಲಗ್ ಕಿತ್ತು ಇಟ್ಟೆ, ಬೆಳಿಗ್ಗೆ ನಾಲ್ಕು ಪೋರ್ಟಲ್ಲಿ ಮೂರು ಸರಿಯಿದ್ವು, ಆ ಕಂಪ್ಯೂಟರ್ ಇವತ್ತಿಗೂ ಓಡ್ತಿದೆ. ಎಲ್ಲಾ ರಿಪೇರಿಯವರೂ ಹೀಗೆ ಅಂತ ನಾನು ಹೇಳಲ್ಲ, ಆದ್ರೆ ಹತ್ತು ನಿಮಿಷ ಕೂತು ನೋಡೋ ತಾಳ್ಮೆ ಅವರಿಗೂ ಬೇಕು ನಮಗೂ ಬೇಕು.

ನಿಮ್ಮ ಪತ್ರಿಕೆ ಮೂಲಕ ಎರಡು ಕೇಳ್ತೀನಿ. ಸೇವಾ ಕೇಂದ್ರಗಳಿಗೆ ಕಂಪ್ಯೂಟರ್, ಸ್ಕ್ಯಾನರ್, ಕ್ಯಾಮೆರಾ ಕಳಿಸೋ ಇಲಾಖೆಯವರು ಜೊತೆಗೆ ಸ್ವಂತ ಅಡಾಪ್ಟರ್ ಇರೋ ಹಬ್ ಕಳಿಸಲಿ, ಅಡಾಪ್ಟರ್ ಇಲ್ಲದ ನಾಲ್ಕು ಪೋರ್ಟಿನ ಡಬ್ಬಕ್ಕೆ ನಾಲ್ಕು ಡಿವೈಸ್ ಹಾಕಿ ಅಂದ್ರೆ ಆಪರೇಟರ್ ಹುಡುಗ ಏನು ಮಾಡ್ತಾನೆ, ಅವನಿಗೆ ಬೈಸ್ಕೊಳ್ಳೋದೊಂದೇ ಉಳಿಯೋದು. ಹಾಗೇ ಡಿವೈಸ್ ಕಾಣದಿದ್ದಾಗ ಏನು ಮಾಡಬೇಕು ಅನ್ನೋ ಒಂದು ಹಾಳೆ ಕನ್ನಡದಲ್ಲಿ ಮೇಜಿನ ಮೇಲೆ ಅಂಟಿಸಲಿ. ನೀವೂ ಮೊಬೈಲ್ ಅಂಕಣದ ಪಕ್ಕ ತಿಂಗಳಿಗೊಂದು ಸಲ ಇಂಥದ್ದಕ್ಕೆ ಅರ್ಧ ಕಾಲಂ ಕೊಡಿ ಸಾರ್, ಬರೆಯೋಕೆ ನಾನು ರೆಡಿ, ದುಡ್ಡು ಬೇಡ.

ಆ ಸೆಂಟರ್ ಹುಡುಗ ಈಗ ಹಬ್ ಮೇಲೆ "ಮೊಬೈಲ್ ಚಾರ್ಜ್ ಹಾಕಬಾರದು" ಅಂತ ಚೀಟಿ ಅಂಟಿಸಿದಾನೆ. ವಾಪಸ್ ಕಳಿಸಿದ್ದ ಜನರ ಹೆಸರು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದ, ಒಬ್ಬೊಬ್ಬರಿಗೇ ಫೋನ್ ಮಾಡಿ ಕರೀತಿದಾನೆ.

ಇಂತಿ,
ಜೆರಾಕ್ಸ್ ಅಂಗಡಿಯ ಒಬ್ಬ ಓದುಗ
ತೀರ್ಥಹಳ್ಳಿ ತಾಲ್ಲೂಕು