ಪೋಷಕರಿಗೆ ಪತ್ರ: ಈ ಸಲ ಮಕ್ಕಳು ಕಲ್ಲಿದ್ದಲು ಗಣಿ ಕಟ್ಟುತ್ತಿದ್ದಾರೆ

ಎಲ್ಲ ಪೋಷಕರಿಗೂ ನಮಸ್ಕಾರ.

ಈ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಒಂದು ಚಿಕ್ಕ ಕಲ್ಲಿದ್ದಲು ಗಣಿಯ ಮಾದರಿ ಮಾಡುತ್ತಿದ್ದಾರೆ. ಜ್ವಾಲಾಮುಖಿ, ಸೌರಮಂಡಲ ಎಲ್ಲ ಬಿಟ್ಟು ಇದ್ಯಾಕೆ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕಾರಣ ಇಷ್ಟೇ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡುತ್ತಲೇ ಬೆಳೆದ ಮಕ್ಕಳು ಇವರು. ಎಂಟು ಘಟಕ, 1720 ಮೆಗಾವ್ಯಾಟ್ ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಅಷ್ಟು ಕಲ್ಲಿದ್ದಲು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಾತ್ರ "ರೈಲಿನಿಂದ ಮೇಡಂ" ಅನ್ನುತ್ತಾರೆ!

ಕರ್ನಾಟಕದಲ್ಲಿ ಒಂದೂ ಕಲ್ಲಿದ್ದಲು ಗಣಿ ಇಲ್ಲ. ನಮ್ಮ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನಲ್ಲಿ ಪಕ್ಕದ ತೆಲಂಗಾಣದ ಸಿಂಗರೇಣಿ ಗಣಿಗಳದೂ ಇದೆ. ಅಲ್ಲಿ ಯೆಲ್ಲಂದು ಹತ್ತಿರ 1871ರಲ್ಲಿ ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ಕಲ್ಲಿದ್ದಲು ಇರುವುದನ್ನು ಗುರುತಿಸಿದರು, 1889ರ ಹೊತ್ತಿಗೆ ಗಣಿಗಾರಿಕೆ ಶುರುವಾಯಿತು. ಮಕ್ಕಳು ಮಾಡುತ್ತಿರುವುದು ಆ ಕಡೆಯ ಇಂಕ್ಲೈನ್ ಮಾದರಿಯ ಗಣಿ. ಅಂದರೆ ಬಾವಿಯ ಹಾಗೆ ನೇರ ಇಳಿಯುವುದಲ್ಲ, ಇಳಿಜಾರು ಸುರಂಗದಲ್ಲಿ ನಡೆದು ಹೋಗುವುದು. ಈಗ ಅಲ್ಲಿನ ಹೆಚ್ಚಿನ ಕಲ್ಲಿದ್ದಲು ಬಯಲು ಗಣಿಯಿಂದಲೇ ಬರುತ್ತದೆ, ನಿಜ. ಆದರೆ ಬಯಲು ಗಣಿ ಕಟ್ಟಿದರೆ ಒಂದು ದೊಡ್ಡ ಗುಂಡಿ ತೋರಿಸಿದ ಹಾಗಾಗುತ್ತದೆ, ಲೆಕ್ಕ ಕಲಿಯುವುದು ಕಡಿಮೆ.

ಲೆಕ್ಕದ ವಿಷಯಕ್ಕೆ ಬರುತ್ತೇನೆ, ನಾನು ಈ ಪತ್ರ ಬರೆಯುತ್ತಿರುವುದೇ ಅದಕ್ಕೆ. ಅಳತೆ 1:100. ಗಣಿಯ ಒಂದು ಮೀಟರ್ ನಮ್ಮ ಹಲಗೆಯ ಮೇಲೆ ಒಂದು ಸೆಂಟಿಮೀಟರ್. ಹಲಗೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್. ಮೊದಲು 60 ಮೀಟರ್ ಆಳದ ಗಣಿ ಮಾಡೋಣ ಅಂತ ಎಲ್ಲರೂ ಹುಮ್ಮಸ್ಸಿನಲ್ಲಿದ್ದರು. ಇಳಿಜಾರು ನಾಲ್ಕಕ್ಕೆ ಒಂದು, ಅಂದರೆ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ಆಮೇಲೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, 60 ಮೀಟರ್ ಇಳಿಯಲು 240 ಮೀಟರ್ ಹೋಗಬೇಕು, ಅಲ್ಲಿಗೆ ಹಲಗೆಯೇ ಮುಗಿದುಹೋಗುತ್ತದೆ, ಕಲ್ಲಿದ್ದಲು ಇಡುವುದು ಎಲ್ಲಿ ಎಂದು ಕೇಳಿದಳು. ಎಲ್ಲರೂ ಸುಮ್ಮನಾದರು. ಈಗ ಗಣಿಯ ಆಳ 30 ಮೀಟರ್‌ಗೆ ಇಳಿದಿದೆ.

ಒಳಗೆ ಚೌಕಾಕಾರದ ಕಲ್ಲಿದ್ದಲಿನ ಕಂಬಗಳು, ಅವುಗಳ ನಡುವೆ ಓಡಾಡುವ ಗ್ಯಾಲರಿಗಳು. ಗ್ಯಾಲರಿ 4.8 ಮೀಟರ್‌ಗಿಂತ ಅಗಲ, 3 ಮೀಟರ್‌ಗಿಂತ ಎತ್ತರ ಇರಬಾರದು ಎಂದು ನಮ್ಮ ದೇಶದ ಗಣಿ ನಿಯಮ ಹೇಳುತ್ತದೆ. ಇಷ್ಟು ಅಗಲಕ್ಕೆ, ಇಷ್ಟು ಕಡಿಮೆ ಆಳದಲ್ಲಿ, ಒಂದು ಕಂಬದ ನಡುವಿನಿಂದ ಇನ್ನೊಂದರ ನಡುವಿಗೆ 19.5 ಮೀಟರ್ ಬಿಡಬೇಕು. ಅದರಲ್ಲಿ ಗ್ಯಾಲರಿಯ 4.8 ಕಳೆದರೆ ಕಂಬದ ಒಂದು ಬದಿ 14.7 ಮೀಟರ್ ಬಂತು. ವರ್ಗ ಮಾಡಿ ಭಾಗಿಸಿ ನೋಡಿದರೆ ಮೊದಲ ಸುತ್ತಿನಲ್ಲಿ ತೆಗೆಯುವುದು ನೂರಕ್ಕೆ 43 ಭಾಗ ಮಾತ್ರ, ಉಳಿದ 57 ಮೇಲಿನ ಮಣ್ಣು ಹೊತ್ತುಕೊಂಡು ಅಲ್ಲೇ ನಿಂತಿರುತ್ತದೆ. ಇದನ್ನು ಮಕ್ಕಳೇ ಕಂಡುಹಿಡಿದದ್ದು. ಪುಸ್ತಕದ ಲೆಕ್ಕ ಕಂಡರೆ ಓಡುವವರೂ ಇದರಲ್ಲಿದ್ದಾರೆ.

ಅದಕ್ಕೇ ಕೇಳಿಕೊಳ್ಳುವುದು: ದಯವಿಟ್ಟು ಮನೆಯಲ್ಲಿ ನೀವು ಮಾಡಿ ಕಳಿಸಬೇಡಿ. ಅಂಗಡಿಯಿಂದ ಆಟಿಕೆ ಲಾರಿ ತರಬೇಡಿ. ನಮ್ಮ ಗಣಿಯಲ್ಲಿ ಮನುಷ್ಯನ ಎತ್ತರ ಒಂದೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 20 ಸೆಂಟಿಮೀಟರ್ ಆಟಿಕೆ ಇಟ್ಟರೆ 20 ಮೀಟರ್ ಉದ್ದದ ಲಾರಿ ಆಗುತ್ತದೆ! ಕಲ್ಲಿದ್ದಲು ತುಂಬಿ ಎಳೆಯುವ ಟಬ್‌ಗಳನ್ನು (ಚಿಕ್ಕ ಗಾಡಿಗಳು) ಬೆಂಕಿಪೊಟ್ಟಣದ ರಟ್ಟಿನಲ್ಲಿ ಮಾಡುತ್ತಿದ್ದಾರೆ, ಸೊಟ್ಟಗಿವೆ, ಇರಲಿ ಬಿಡಿ.

ನನಗೆ ತುಂಬಾ ಇಷ್ಟವಾದದ್ದು ಗಾಳಿಯ ಪ್ರಯೋಗ. ಗಣಿಗೆ ಒಂದೇ ಬಾಗಿಲು ಇದ್ದರೆ ಆಗುವುದಿಲ್ಲ, ಕನಿಷ್ಠ ಎರಡು ಬೇಕು. ಇಂಕ್ಲೈನ್ ಬಾಯಿಂದ ಗಾಳಿ ಒಳಗೆ ಬರಬೇಕು, ಇನ್ನೊಂದು ಕಡೆ ಫ್ಯಾನ್ ಅದನ್ನು ಹೊರಗೆ ಎಳೆಯಬೇಕು. ಇಲ್ಲವಾದರೆ ಕಲ್ಲಿದ್ದಲಿನಿಂದ ಹೊರಬರುವ ಮೀಥೇನ್ ಒಳಗೇ ನಿಂತು, ಒಂದು ಕಿಡಿ ಸಾಕು ಸ್ಫೋಟಕ್ಕೆ. ಮಕ್ಕಳು ಗ್ಯಾಲರಿಗಳ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹಳೆ ಕಂಪ್ಯೂಟರ್‌ನ ಫ್ಯಾನನ್ನು ಬ್ಯಾಟರಿಗೆ ಸೇರಿಸಿ, ಬಾಯಿಯ ಹತ್ತಿರ ಊದಿನಕಡ್ಡಿ ಹಚ್ಚಿದರು. ಹೊಗೆ ಒಳಗೆ ಹೋಯಿತು, ಆದರೆ ಕೊನೆಯವರೆಗೆ ಹೋಗದೆ ಮೊದಲ ತಿರುವಿನಲ್ಲೇ ಫ್ಯಾನ್ ಕಡೆ ನುಗ್ಗಿತು. ಗಾಳಿಗೆ ಹತ್ತಿರದ ದಾರಿಯೇ ಬೇಕು, ಅಲ್ವಾ? ಅಡ್ಡ ದಾರಿಗಳಿಗೆ ಒಂದೊಂದಾಗಿ ರಟ್ಟಿನ ಗೋಡೆ ನಿಲ್ಲಿಸುತ್ತಾ ಹೋದ ಮೇಲೆ ಹೊಗೆ ಸುತ್ತಿ ಬಳಸಿ ಕಟ್ಟಕಡೆಯ ಮೂಲೆ ಮುಟ್ಟಿತು. ನಿಜವಾದ ಗಣಿಯಲ್ಲೂ ಹೀಗೆ ಗೋಡೆ ಕಟ್ಟಿಯೇ ಗಾಳಿಯನ್ನು ಕೆಲಸಗಾರರ ತನಕ ಕರೆದೊಯ್ಯುತ್ತಾರೆ.

ಅಪಘಾತಗಳ ಬಗ್ಗೆ ಮಕ್ಕಳಿಗೆ ಹೇಳಬೇಕೇ ಎಂದು ಒಬ್ಬ ತಾಯಿ ಕೇಳಿದರು. ಹೇಳುತ್ತಿದ್ದೇವೆ. 1975ರ ಡಿಸೆಂಬರ್ 27ರಂದು ಧನ್‌ಬಾದ್ ಹತ್ತಿರದ ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ಇಂಥದ್ದು ಆಗಬಾರದೆಂದೇ ಒಂದು ನಿಯಮವಿದೆ: ನೀರು ತುಂಬಿದ ಹಳೆ ಗಣಿಯ 60 ಮೀಟರ್ ಹತ್ತಿರಕ್ಕೆ ಬಂದರೆ, ಲಿಖಿತ ಅನುಮತಿ ಇಲ್ಲದೆ ಮುಂದೆ ಅಗೆಯುವಂತಿಲ್ಲ. ನಮ್ಮ ಹಲಗೆಯಲ್ಲಿ ಅದು 60 ಸೆಂಟಿಮೀಟರ್, ಹೆಚ್ಚುಕಡಿಮೆ ಅರ್ಧ ಅಗಲ. ಅಷ್ಟು ಜಾಗ ಸುಮ್ನೆ ಖಾಲಿ ಬಿಡಬೇಕಾ ಅಂತ ಹುಡುಗರು ಗೊಣಗಿದರು. ಬಿಟ್ಟಿದ್ದಾರೆ.

ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಗಣಿಯ ಕಥೆಯೂ ಹೇಳಿದೆವು. 1989ರ ನವೆಂಬರ್‌ನಲ್ಲಿ ಅಲ್ಲಿಯೂ ನೀರು ನುಗ್ಗಿತು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಮೇಲಿನಿಂದ ಸುಮಾರು 22 ಇಂಚು ಅಗಲದ ರಂಧ್ರ ಕೊರೆಸಿ, ಉಕ್ಕಿನ ಕ್ಯಾಪ್ಸೂಲ್‌ನಲ್ಲಿ ತಾವೇ ಕೆಳಗಿಳಿದು, ಒಬ್ಬೊಬ್ಬರನ್ನಾಗಿ 65 ಜನರನ್ನು ಮೇಲೆ ಕಳಿಸಿದರು. 22 ಇಂಚು ನಮ್ಮ ಅಳತೆಯಲ್ಲಿ ಎಷ್ಟು ಗೊತ್ತಾ? ಎಳನೀರು ಕುಡಿಯುವ ಸ್ಟ್ರಾದಷ್ಟು. ಮಾದರಿಯ ಒಂದು ಬದಿಯಲ್ಲಿ ಆ ಸ್ಟ್ರಾ ಕೂಡ ನೆಟ್ಟಿದ್ದಾರೆ.

"ಹುಡುಗಿಯರಿಗೆ ಗಣಿ ಯಾಕೆ" ಅನ್ನುವವರಿಗೆ ಒಂದೇ ಮಾತು. 2019ರಿಂದ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಹೆಣ್ಣುಮಕ್ಕಳೂ ಗಣಿಯೊಳಗೆ ಇಳಿಯಬಹುದು. ಅವರೂ ಕಲಿಯಲಿ.

ಇನ್ನು ಬೇಕಾದ ಸಾಮಾನು. ಹಳೆ ದಿನಪತ್ರಿಕೆ, ರಟ್ಟು, ಸ್ವಲ್ಪ ಮೆಂತ್ಯ (ಕಾಗದದ ಜೊತೆ ಅರೆದರೆ ಕಂಬ ಗಟ್ಟಿಯಾಗುತ್ತದೆ, ಮನೆಯ ಅಜ್ಜಿಯರನ್ನು ಕೇಳಿ, ಮೊರಕ್ಕೆ ಬಳಿದ ನೆನಪಿರುತ್ತದೆ), ಇದ್ದಿಲು ಪುಡಿ. ಇದ್ದಿಲು ಸಿಗದಿದ್ದರೆ ಕಪ್ಪು ಬಣ್ಣ ಸಾಕು. ವ್ಯಾಗನ್‌ನಿಂದ ಬಿದ್ದ ಕಲ್ಲಿದ್ದಲು ಆರಿಸಲು ಮಕ್ಕಳು ಹಳಿಯ ಹತ್ತಿರ ಹೋದರೆ ಮಾತ್ರ ನಾನು ಸುಮ್ಮನಿರುವುದಿಲ್ಲ. ಇದನ್ನು ನೀವೂ ಮನೆಯಲ್ಲಿ ಗಟ್ಟಿಯಾಗಿ ಹೇಳಿ.

ನಿಮ್ಮಲ್ಲಿ ಯಾರಾದರೂ ಸ್ಥಾವರದಲ್ಲಿ ಕಲ್ಲಿದ್ದಲು ಇಳಿಸುವ ಕಡೆ ಕೆಲಸ ಮಾಡುವವರಿದ್ದರೆ ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಬಂದು ಮಕ್ಕಳ ಜೊತೆ ಮಾತಾಡಿ. ಭಾಷಣ ಬೇಡ, ಅವರೇ ಪ್ರಶ್ನೆ ಕೇಳುತ್ತಾರೆ. ಆ ದಿನ ಕಂಬಗಳಿಗೆ ಇದ್ದಿಲು ಬಳಿಯುವ ಕೆಲಸವೂ ಇದೆ, ಯೂನಿಫಾರ್ಮ್ ಬದಲು ಒಂದು ಹಳೆ ಅಂಗಿ ಹಾಕಿ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ