ಇಬ್ಸನ್‌ನ ಡಾಕ್ಟರು ನಮ್ಮ ಊರಿನ ಸಭೆಗೂ ಬರಲಿ

ಮಾನ್ಯ ಸಂಪಾದಕರೇ,

ನಾಟಕ ಅಂದರೆ ನನಗೆ ಇಷ್ಟು ವರ್ಷ ಬಯಲಾಟ ಮತ್ತು ಶಾಲಾ ವಾರ್ಷಿಕೋತ್ಸವ, ಅಷ್ಟೇ. ನಾರ್ವೆಯ ಹೆನ್ರಿಕ್ ಇಬ್ಸನ್ ಹೆಸರು ಕೇಳಿದ್ದೆ, ಓದಿರಲಿಲ್ಲ. ಈ ಮಳೆಗಾಲ ಮಗಳ ಎಂ.ಎ. ಪುಸ್ತಕಗಳ ನಡುವೆ ಅವನ ನಾಟಕಗಳ ಇಂಗ್ಲಿಷ್ ಅನುವಾದ ಸಿಕ್ಕಿತು. 1879ರ 'ಎ ಡಾಲ್ಸ್ ಹೌಸ್' ಮೊದಲು ಓದಿದೆ. ಮನೆ ಬಿಟ್ಟು ಹೊರಡುವ ನೋರಾಳ ಬಗ್ಗೆ ತಿಳಿದವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟದ್ದು 1882ರ 'ಎನ್ ಎನಿಮಿ ಆಫ್ ದಿ ಪೀಪಲ್' ಬಗ್ಗೆ. ನಮ್ಮ ಕಾಸರಗೋಡಿನ ಪೆರ್ಲ, ಪಡ್ರೆ, ಸ್ವರ್ಗ ಊರುಗಳ ಕಡೆಯವರು ಇದನ್ನು ಓದಲೇಬೇಕು.

ಕಥೆ ಇಷ್ಟು. ಸಣ್ಣ ಪೇಟೆ. ಅಲ್ಲೊಂದು ಹೆಸರಾದ ಸ್ನಾನಗೃಹ, ಕಾಯಿಲೆಯವರು ದೂರದೂರದಿಂದ ಬರುತ್ತಾರೆ, ಊರಿನ ಸಂಪಾದನೆಯೆಲ್ಲ ಅದರಿಂದಲೇ. ಅಲ್ಲಿನ ವೈದ್ಯ ಸ್ಟಾಕ್‌ಮನ್ ಸಂಶಯ ಬಂದು ನೀರನ್ನು ಪರೀಕ್ಷೆಗೆ ಕಳಿಸಿದರೆ, ಮೇಲ್ಭಾಗದಲ್ಲಿರುವ ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಳೆ ಅದಕ್ಕೆ ಸೇರುತ್ತಿದೆ ಅಂತ ಖಾತ್ರಿಯಾಗುತ್ತದೆ. ಊರಿನವರು ತನ್ನನ್ನು ಮೆರವಣಿಗೆ ಮಾಡಿಯಾರು ಅಂತ ಪಾಪ, ಅವನು ನಂಬಿರುತ್ತಾನೆ. ಊರಿನ ಮೇಯರ್ ಅವನ ಸ್ವಂತ ಅಣ್ಣ.

ಮೂರನೇ ಅಂಕ ಪತ್ರಿಕಾ ಕಚೇರಿಯಲ್ಲಿ ನಡೆಯುತ್ತದೆ. ಸಂಪಾದಕ ಹೋವ್‌ಸ್ಟಾಡ್ ಡಾಕ್ಟರ ಲೇಖನ ಹಾಕಲು ತುದಿಗಾಲಲ್ಲಿ ನಿಂತಿದ್ದಾನೆ. ಮುದ್ರಕ ಆಸ್ಲಾಕ್ಸನ್ ಮನೆಮಾಲಿಕರ ಸಂಘದ ಅಧ್ಯಕ್ಷ, ಬಾಯಿ ತೆರೆದರೆ 'ಮಿತವಾಗಿ, ಮಿತವಾಗಿ' ಅನ್ನುವವನು, ಅವನೂ ಬೆಂಬಲಕ್ಕಿದ್ದಾನೆ. ಅಷ್ಟರಲ್ಲಿ ಮೇಯರ್ ಬಂದು, ರಿಪೇರಿಗೆ ಎರಡು ವರ್ಷ ಸ್ನಾನಗೃಹ ಮುಚ್ಚಬೇಕು, ಖರ್ಚು ನೀವೇ ತೆರಿಗೆ ಕಟ್ಟಿ ಕೊಡಬೇಕು ಅನ್ನುತ್ತಾನೆ. ಮುಗಿಯಿತು. ಡಾಕ್ಟರು ಒಳಗೆ ಬಂದಾಗ ಮೇಜಿನ ಮೇಲೆ ಅಣ್ಣನ ಅಧಿಕಾರದ ಟೋಪಿ, ಬೆತ್ತ. ಊರೇ ತನ್ನ ಕಡೆ ಅಂತ ಖುಷಿಯಲ್ಲಿ ಆ ಟೋಪಿ ತಲೆಗೇರಿಸಿ ಕೋಣೆಯಲ್ಲಿ ಓಡಾಡುತ್ತಾನೆ, ಲೇಖನ ಅಚ್ಚಾಗುವುದಿಲ್ಲ ಅಂತ ಅವನಿಗಿನ್ನೂ ಗೊತ್ತಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೊನೆಗೆ ಅಚ್ಚಾಗುವುದು ಮೇಯರನ ಹೇಳಿಕೆ. ಪತ್ರಿಕೆಗೇ ಈ ಪತ್ರ ಬರೆಯಲು ಈ ಅಂಕವೇ ಕಾರಣ.

ನಮ್ಮಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗೇರಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟಕ್ಕೆ ಅಂತ ಬಿಟ್ಟದ್ದು ತೋಡಿಗೂ ಬಿತ್ತು, ಬಾವಿಗೂ ಬಿತ್ತು, ಗುಡ್ಡ ಕೊರೆದ ಸುರಂಗದ ನೀರು ಕುಡಿಯುವ ಮನೆಗಳ ಅಂಗಳಕ್ಕೂ ಬಿತ್ತು. ಮಕ್ಕಳಲ್ಲಿ ಕಾಯಿಲೆ ಜಾಸ್ತಿ ಅಂತ ಮೊದಲು ಎತ್ತಿ ಹೇಳಿದವರಿಗೆ ಸಿಕ್ಕಿದ ಉತ್ತರ ಗೊತ್ತಲ್ವಾ? ಪುರಾವೆ ಎಲ್ಲಿದೆ, ಕೂಲಿಯವರ ಹೊಟ್ಟೆಗೆ ಯಾಕೆ ಹೊಡೆಯುತ್ತೀರಿ, ಊರಿನ ಹೆಸರು ಯಾಕೆ ಕೆಡಿಸುತ್ತೀರಿ. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ತಡೆ ಹಾಕಿದ್ದು 2011ರಲ್ಲಿ. ಕಾಸರಗೋಡು ಅಂತ ಒಂದು ಜಾಗ ಇದೆಯೆಂದೇ ತಿಳಿಯದ ಮನುಷ್ಯ ಈ ಮಾತುಗಳನ್ನೆಲ್ಲ ನೂರು ವರ್ಷ ಮೊದಲೇ ಬರೆದಿಟ್ಟಿದ್ದಾನೆ.

ಆದರೆ ಎಲ್ಲದಕ್ಕೂ ನಾನು ತಲೆಯಾಡಿಸಲಾರೆ. ನಾಲ್ಕನೇ ಅಂಕದ ಸಾರ್ವಜನಿಕ ಸಭೆಯಲ್ಲಿ ಡಾಕ್ಟರು, ಬಹುಮತ ಯಾವತ್ತೂ ಸರಿಯಿರುವುದಿಲ್ಲ ಅಂತ ಗುಡುಗುತ್ತಾನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಭಾಷಾ ಅಲ್ಪಸಂಖ್ಯಾತರಾಗಿ ಬದುಕುವ ಕನ್ನಡಿಗರಾದ ನಮಗೆ ಆ ಮಾತು ಕಿವಿಗೆ ಹಿತವೇ. ಅಲ್ಲಿಗೆ ನಿಲ್ಲಿಸದೆ ಅವನು ಸಾಮಾನ್ಯ ಜನರನ್ನು ಬೀದಿನಾಯಿಗೂ ತನ್ನಂಥವರನ್ನು ಜಾತಿನಾಯಿಗೂ ಹೋಲಿಸಲು ಹೊರಡುತ್ತಾನೆ. ಅಲ್ಲಿ ನನಗೆ ಅವನ ಮೇಲೆ ಸಿಟ್ಟೇ ಬಂತು. ಒಂಟಿಯಾಗಿ ನಿಂತವನೇ ಎಲ್ಲರಿಗಿಂತ ಬಲಶಾಲಿ ಎಂಬ ಅವನ ಕೊನೆಯ ಮಾತನ್ನೂ ಒಪ್ಪಲಾರೆ. ಇಲ್ಲಿ ವಿಷದ ವಿರುದ್ಧ ನಿಂತವರು ಒಬ್ಬರಲ್ಲ. ಮಗುವನ್ನು ಎತ್ತಿಕೊಂಡು ಧರಣಿ ಕೂತ ತಾಯಂದಿರು, ವೈದ್ಯರು, ಮೇಷ್ಟ್ರುಗಳು, ಪತ್ರಕರ್ತರು, ಕನ್ನಡ ಮಲಯಾಳ ತುಳು ಅಂತ ನೋಡದೆ ಬಂದವರು. ಆ ಬಲವನ್ನು ಇಬ್ಸನ್ ಕಂಡಿರಲಿಲ್ಲ ಅನ್ನಿಸುತ್ತದೆ. ಅವನೇ ಒಂಟಿಯಾಗಿದ್ದ ಹೊತ್ತು ಅದು: ಈ ನಾಟಕಕ್ಕಿಂತ ಮೊದಲಿನ ಅವನ 'ಗೋಸ್ಟ್ಸ್' ನಾಟಕ 1881ರಲ್ಲಿ ಬಂದಾಗ ಪತ್ರಿಕೆಗಳು ಬಯ್ದು, ಪುಸ್ತಕದಂಗಡಿಗಳು ಪ್ರತಿ ವಾಪಸ್ ಕಳಿಸಿದ್ದವು, ಆ ಸಿಟ್ಟಿನಲ್ಲೇ ಇದನ್ನು ಬರೆದದ್ದು.

ಹಾಗಾಗಿಯೇ ನಮ್ಮ ಹವ್ಯಾಸಿ ತಂಡಗಳು ಇದನ್ನು ಆಡಬೇಕು ಅಂತ ನನ್ನ ಆಸೆ. ಮಾತಿರುವ ಮುಖ್ಯ ಪಾತ್ರಗಳು ಹನ್ನೊಂದೇ. ನಾಲ್ಕನೇ ಅಂಕಕ್ಕೆ ರಂಗಮಂದಿರವೇ ಬೇಡ, ಪಂಚಾಯತಿ ಸಭಾಭವನ ಸಾಕು, ನಟರು ಜನರ ನಡುವೆ ಅಲ್ಲಲ್ಲಿ ಕೂತರೆ ನೋಡಲು ಬಂದವರೇ ಆ ಊರಿನ ಸಭೆಯಾಗುತ್ತಾರೆ. ಡಾಕ್ಟರು ನಾಯಿಯ ಮಾತೆತ್ತಿದಾಗ ಯಾರಾದರೂ ಎದ್ದು ಜಗಳಕ್ಕೆ ನಿಂತರೂ ಒಳ್ಳೆಯದೇ, ನಟರು ಅದಕ್ಕೆ ತಯಾರಾಗಿ ಬರಲಿ. ನಾಟಕ ಆಡುವ ತಂಡಕ್ಕೆ ತಮ್ಮ ಪತ್ರಿಕೆ ಸ್ವಲ್ಪ ಜಾಗ ಕೊಟ್ಟರೆ ಉಪಕಾರ.

– ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ